ನೆರೆ ಹೊಕ್ಕ ಮನೆ: ಮಾರುವವರು ಹೇಳಬೇಕೆ?

ಪ್ರಶ್ನೆ: ಗೋಕಾಕದಲ್ಲಿ ಹಳೆಯ ಮನೆ ಕೊಳ್ಳುವ ವಿಚಾರವಿದೆ. 2019ರ ನೆರೆಯಲ್ಲಿ ಅದಕ್ಕೆ ಪೆಟ್ಟಾಗಿದ್ದರೆ ಮಾರುವವರು ಹೇಳಲೇಬೇಕೆ? – ಓದುಗರೊಬ್ಬರು, ಮೂಡಲಗಿ

ಹೇಳಬೇಕು. ಕರಾರಿನಲ್ಲಿ ಬೇರೆ ಮಾತಾಗಿರದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಮನೆಯಲ್ಲಾಗಲಿ ಅದರ ಹಕ್ಕಿನಲ್ಲಾಗಲಿ ತಮಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು. ಮುಚ್ಚಿಟ್ಟರೆ ಅದು ವಂಚನೆ.

ಸಂತೆಯಲ್ಲಿ ಎಮ್ಮೆ ಕೊಳ್ಳುವಾಗ ಹಲ್ಲು, ಕೆಚ್ಚಲು ನಾವೇ ನೋಡಿಕೊಳ್ಳಬೇಕು. ಹಿಂಡಲು ಕೂತರೆ ಒದೆಯುತ್ತದೆ ಎಂಬುದು ಸಾಕಿದವರಿಗಷ್ಟೇ ಗೊತ್ತು. ಮನೆಯದೂ ಅದೇ ಲೆಕ್ಕ. ಎದುರಿಗೇ ಕಾಣುವ ಬಿರುಕಿಗೆ ಆಮೇಲೆ ತಕರಾರು ತೆಗೆಯುವಂತಿಲ್ಲ. ಹೊಸ ಗಿಲಾಯದ ಹಿಂದೆ ಅಡಗಿದ ಬಿರುಕು, ನೀರು ನಿಂತು ಕುಸಿದ ಪಾಯ ಅವರು ಬಾಯಿಬಿಟ್ಟು ಹೇಳಬೇಕಾದವು.

ತೊಡಕಿರುವುದು ಸಾಬೀತು ಮಾಡುವುದರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಾರುವವರು ಮನೆಯ ಸ್ಥಿತಿಯನ್ನು ನಿಗದಿತ ನಮೂನೆಯಲ್ಲಿ ಬರೆದುಕೊಡಬೇಕು. ನಮ್ಮ ಕಾಯ್ದೆಯಲ್ಲಿ ಅಂಥ ನಮೂನೆಯೇ ಇಲ್ಲ. ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ ನೋಂದಾಯಿತ ಮಾರಾಟ, ಅಡಮಾನ ಕಾಣುತ್ತವೆ, ನೆರೆ ಕಾಣದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟಾಗ ಘಟಪ್ರಭೆ ಎಲ್ಲಿವರೆಗೆ ಬಂದಿತ್ತೆಂದು ಓಣಿಯ ಹಿರಿಯರನ್ನು ಕೇಳಿ. ಮುಂಗಡ ಕೊಡುವ ಮೊದಲೇ ಮಾರುವವರ ಉತ್ತರವನ್ನು ಖರೀದಿ ಕರಾರಿನಲ್ಲಿ ಬರೆಸಿಕೊಳ್ಳಿ.