ಮದ್ಯಕ್ಕೆ ಮುಂಚೆ ಮದ್ದು

ಉಪವಾಸವಿಟ್ಟ ಇಲಿಯ ಹೊಟ್ಟೆಗೆ ಕೊಳವೆಯಲ್ಲಿ ಒಂದು ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಬಿಡುತ್ತಾರೆ. ಒಂದು ಗಂಟೆಯ ನಂತರ ಇಲಿಯನ್ನು ಕೊಂದು, ಜಠರವನ್ನು ಸೀಳಿ, ಬಿಡಿಸಿ ಹರವುತ್ತಾರೆ. ತಿಳಿಗೆಂಪಾಗಿರಬೇಕಾದ ಒಳಪೊರೆಯ ಮೇಲೆ ಬರೆ ಎಳೆದಂತೆ ಕಪ್ಪುಗೆಂಪು ಗೀರುಗಳು. ಅವುಗಳ ಉದ್ದ ಅಳೆದು ಕೂಡಿಸಿದರೆ ಗಾಯದ ಲೆಕ್ಕ ಸಿಕ್ಕಿತು. ಜಠರ ಕಾಯುವ ಮೂಲಿಕೆಗಳೆಂದು ಇಂದು ಹೆಸರು ಮಾಡಿರುವ ಬಹುಪಾಲು ಗಿಡಗಳು ಹಾದುಬಂದದ್ದು ಈ ಪರೀಕ್ಷೆಯನ್ನೇ.

ಇದನ್ನು ಪ್ರಸಿದ್ಧಿಗೆ ತಂದವರು ಅಮೆರಿಕದ ಕಲಮಜೂ ಊರಿನ ಅಪ್‌ಜಾನ್ ಔಷಧ ಕಂಪನಿಯಲ್ಲಿದ್ದ ಆಂದ್ರೆ ರಾಬರ್ಟ್. 1979ರಲ್ಲಿ ಅವರ ಪ್ರಬಂಧ ಬಂದಾಗ ಅದರಲ್ಲಿ ಗಿಡದ ಸುದ್ದಿ ಇರಲಿಲ್ಲ. ಇದ್ದದ್ದು ದೇಹವೇ ತಯಾರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ್ದು. ಆಮ್ಲವನ್ನು ತಗ್ಗಿಸಲೂ ಸಾಲದಷ್ಟು ಅಲ್ಪ ಪ್ರಮಾಣದಲ್ಲಿ ಅದನ್ನು ಮೊದಲೇ ಕೊಟ್ಟರೂ ಇಲಿಗಳ ಜಠರ ಗಾಯದಿಂದ ಪಾರಾಗುತ್ತಿತ್ತು. ಹುಣ್ಣಿಗೆಲ್ಲ ಆಮ್ಲವೇ ಕಾರಣವೆಂದು ವೈದ್ಯಲೋಕ ನಂಬಿದ್ದ ಕಾಲದಲ್ಲಿ, ಆಮ್ಲದ ತಂಟೆಗೇ ಹೋಗದೆ ಪೊರೆಯನ್ನು ಕಾಯಬಹುದು ಎಂಬುದು ದೊಡ್ಡ ಮಾತು. ನೀರು ಬೆರೆಸಿದ ತೆಳು ಆಲ್ಕೋಹಾಲ್ ಮೊದಲು ಕೊಟ್ಟರೆ ಆಮೇಲಿನ ಶುದ್ಧ ಆಲ್ಕೋಹಾಲ್‌ನ ಪೆಟ್ಟು ಕಡಿಮೆಯಾಗುತ್ತದೆ ಎಂಬುದನ್ನೂ ರಾಬರ್ಟ್ ತೋರಿಸಿದರು. ಕುಡಿಯಲು ನೆಪ ಹುಡುಕುವವರ ಕಿವಿಗೆ ಇದು ಬೀಳದಿರುವುದೇ ಲೇಸು!

ಗಿಡದ ಕಥೆ ಇದಕ್ಕಿಂತ ಹಳೆಯದು. ನೆದರ್‌ಲೆಂಡ್ಸ್‌ನ ವೈದ್ಯ ರೇವರ್ಸ್ 1946ರಲ್ಲಿ ಜ್ಯೇಷ್ಠಮಧುವಿನ ಗಟ್ಟಿ ರಸ ಜಠರದ ಹುಣ್ಣಿಗೆ ಗುಣ ಕೊಡುತ್ತದೆ ಎಂದು ಬರೆದರು. ಜತೆಗೇ ಒಂದು ತೊಡಕನ್ನೂ ದಾಖಲಿಸಿದರು: ಐವರಲ್ಲಿ ಒಬ್ಬರಿಗೆ ಮುಖ, ಕೈಕಾಲು ಊದಿಕೊಳ್ಳುತ್ತಿತ್ತು. ಅದೇ ಬೇರಿನ ಅಂಶದಿಂದ ಬ್ರಿಟನ್‌ನಲ್ಲಿ ಕಾರ್ಬೆನಾಕ್ಸೊಲೋನ್ ಎಂಬ ಔಷಧ ಹುಟ್ಟಿತು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬಯಲಿಗೆಳೆದ ರಿಚರ್ಡ್ ಡಾಲ್ ಅವರೇ 1962ರಲ್ಲಿ ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿ, ಜಠರದ ಹುಣ್ಣು ಬೇಗ ಮಾಯುತ್ತದೆ ಎಂದರು. ಪ್ರೊಸ್ಟಗ್ಲಾಂಡಿನ್ ಕರಗಿಹೋಗದಂತೆ ಈ ಔಷಧ ತಡೆಯುತ್ತದೆ ಎಂದು ಆಮೇಲೆ ತಿಳಿಯಿತು. ಹಳ್ಳಿಮದ್ದೂ ರಾಬರ್ಟರ ಇಲಿಯೂ ಒಂದೇ ಕಡೆ ಬಂದು ಸೇರಿದ್ದವು. ಆದರೆ ಊತ ಬಿಡಲಿಲ್ಲ. ಉಪ್ಪು ದೇಹದಲ್ಲೇ ಉಳಿದು, ಪೊಟ್ಯಾಸಿಯಂ ಇಳಿದು, ರಕ್ತದೊತ್ತಡ ಏರುತ್ತಿತ್ತು. 1976ರಲ್ಲಿ ಆಮ್ಲ ತಗ್ಗಿಸುವ ಸಿಮೆಟಿಡಿನ್ ಎಂಬ ಔಷಧ ಮಾರುಕಟ್ಟೆಗೆ ಬಂದದ್ದೇ ತಡ, ಕಾರ್ಬೆನಾಕ್ಸೊಲೋನ್ ಮೂಲೆ ಸೇರಿತು.

ಇತ್ತ ರಾಬರ್ಟರ ಪರೀಕ್ಷೆ ಅಗ್ಗದ್ದು, ಒಪ್ಪೊತ್ತಿನಲ್ಲಿ ಮುಗಿಯುವಂಥದ್ದು. ಅಜ್ಜಿಮದ್ದಿನ ಯಾವ ಎಲೆ, ಯಾವ ಬೇರನ್ನಾದರೂ ಅದಕ್ಕೆ ಒಡ್ಡಬಹುದು. ಪ್ರಬಂಧಗಳು ರಾಶಿ ಬಿದ್ದವು. ಔಷಧದಂಗಡಿ ತಲುಪಿದವು ಬೆರಳೆಣಿಕೆಯಷ್ಟು.

ತಲುಪಿದವುಗಳಲ್ಲಿ ಒಂದು ಕೊರಿಯಾದ್ದು. ನಮ್ಮ ಗಣಪತಿ ಪೂಜೆಯ ಮಾಚಿಪತ್ರೆಯ ಕುಲಕ್ಕೇ ಸೇರಿದ ಒಂದು ಗಿಡದ ಸಾರದಿಂದ ಡಾಂಗ್-ಎ ಕಂಪನಿ ಮಾಡಿದ ‘ಸ್ಟಿಲೆನ್’ ಮಾತ್ರೆ 2002ರಿಂದ ಅಲ್ಲಿ ಜಠರದ ಉರಿಯೂತಕ್ಕೆ ಬಳಕೆಯಲ್ಲಿದೆ. ತಮಾಷೆಯೆಂದರೆ, ಆ ಸಾರವನ್ನು ಎಲೆಯಿಂದ ಇಳಿಸುವುದೂ ಆಲ್ಕೋಹಾಲ್‌ನಲ್ಲೇ.

ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಉಪ್ಪಿನಕಾಯಿಯಿಂದ ಮನೆಮಾತಾದ ಮಾಕಳಿ ಬೇರಿನ ಪೆಕ್ಟಿನ್ ಅಂಶ ಇಲಿಗಳಲ್ಲಿ ಹುಣ್ಣು ತಡೆಯುತ್ತದೆಂದು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದರು. ಬೆಂಗಳೂರಿನ ನ್ಯಾಚುರಲ್ ರೆಮಿಡೀಸ್ ಕಂಪನಿಯ ಜ್ಯೇಷ್ಠಮಧು ಸಾರವನ್ನು 50 ಮಂದಿ ಅಜೀರ್ಣದ ರೋಗಿಗಳ ಮೇಲೆ 30 ದಿನ ಪರೀಕ್ಷಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು, ತೊಂದರೆ ತಗ್ಗಿತ್ತು. ಅದು ಕುಡಿತದ ಗಾಯದ ಪರೀಕ್ಷೆಯಲ್ಲ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಇಲಿ ಪರೀಕ್ಷೆಗೂ ಮಿತಿಯಿದೆ. ಇಲಿಗೆ ಸಾರ ಕುಡಿಸುವುದು ಆಲ್ಕೋಹಾಲ್‌ಗೆ ಮೊದಲು. ಅಳೆಯುವುದು ಒಂದು ಗಂಟೆಯ ಗಾಯವನ್ನು. ವರ್ಷಗಟ್ಟಲೆ ಕುಡಿದವರ ಯಕೃತ್ತಿನ ವಿಷಯ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಇನ್ನು, ಹೊಟ್ಟೆಯುರಿಗೆಂದು ದಿನವೂ ಜ್ಯೇಷ್ಠಮಧು ಪುಡಿ ನೆಕ್ಕುವವರಲ್ಲಿ ಬಿಪಿ ಇರುವವರು ಮೊದಲು ವೈದ್ಯರನ್ನು ಕೇಳಲಿ.