ಮರುಭೂಮಿಯ ಮುಳ್ಳುಬಾಲದ ಓತಿ

ನಮ್ಮ ಹೊಲದ ಬೇಲಿಗಳ ಮೇಲೆ ತಲೆಯಾಡಿಸುತ್ತ ಕುಳಿತಿರುವ ಓತಿಕ್ಯಾತವನ್ನು ಅರಿಯದ ರೈತನಿಲ್ಲ. ಅದರ ಕುಟುಂಬಕ್ಕೇ ಸೇರಿದ ಒಂದು ಜಂತುವು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿಯೂ ಕಚ್ಛದಲ್ಲಿಯೂ ವಾಸಿಸುವುದು. ಆ ಸೀಮೆಯವರು ಇದನ್ನು ‘ಸಾಂಡಾ’ ಎನ್ನುವರು. ಬೀದಿಯ ವ್ಯಾಪಾರಿಗಳು ‘ಸಾಂಡಾ ಎಣ್ಣೆ’ಯೆಂದು ಮಾರುವುದು ಇದರ ಕೊಬ್ಬನ್ನೇ. ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಇದರ ವಿಷಯವನ್ನು ತಿಳಿದಿರುವುದು ಯುಕ್ತ.

ವಾಸ:— ಇದರ ಬಾಲದ ಸುತ್ತ ಮುಳ್ಳಿನಂತಹ ಹುರುಪೆಗಳು ಸಾಲಾಗಿರುವುವು. ಗಟ್ಟಿ ನೆಲದಲ್ಲಿ ಒಂದು ಗಜಕ್ಕೂ ಮಿಕ್ಕಿ ಉದ್ದವಾದ ಬಿಲವನ್ನು ತೋಡಿಕೊಳ್ಳುವುದು. ಹೊತ್ತೇರಿದ ಮೇಲೆ ಹೊರಬಂದು ಬಿಸಿಲಿಗೆ ಮೈಯೊಡ್ಡುವುದು. ಆಗ ಮೈಬಣ್ಣವು ಕಪ್ಪಾಗಿದ್ದು ಶಾಖವನ್ನು ಬೇಗನೆ ಹೀರುವುದು. ಮೈ ಕಾದಂತೆಲ್ಲ ಬಣ್ಣವು ತಿಳಿಯಾಗುವುದು. ರಾತ್ರಿ ಬಿಲದ ಬಾಯನ್ನು ಮಣ್ಣಿನಿಂದ ಮುಚ್ಚಿಕೊಳ್ಳುವುದು. ಚಳಿಗಾಲವನ್ನು ಬಾಲದಲ್ಲಿ ಶೇಖರವಾದ ಕೊಬ್ಬಿನ ಆಧಾರದಿಂದ ಬಿಲದೊಳಗೇ ಕಳೆಯುವುದು.

ಆಹಾರ:— ಮರಿಗಳು ಹುಳುಹುಪ್ಪಟೆಗಳನ್ನು ಹೆಚ್ಚಾಗಿ ತಿನ್ನುವುವು. ಬಲಿತವು ಹೆಚ್ಚಾಗಿ ಹುಲ್ಲು, ಎಲೆ, ಹೂವುಗಳಿಂದ ಜೀವಿಸುವುವು; ನೀರನ್ನೂ ಬಹುಮಟ್ಟಿಗೆ ಅವುಗಳಿಂದಲೇ ಪಡೆಯುವುವು. ಹೀಗೆ ಒಣಹುಲ್ಲು ಮಾಂಸವಾಗಿ, ಆ ಮಾಂಸದಿಂದ ಹದ್ದು, ಡೇಗೆ, ನರಿಗಳು ಬದುಕುವುವು. ನಮ್ಮ ಸಿರುಗುಪ್ಪದ ಬಯಲಿನವರು ಬಲ್ಲ ಎರ್ಲಡ್ಡು ಹಕ್ಕಿಗೂ ಮರುಭೂಮಿಯಲ್ಲಿ ಇದು ಆಹಾರ.

ಕ್ಷೀಣತೆಯ ಕಾರಣಗಳು:— ಇಂದಿರಾ ಗಾಂಧಿ ಕಾಲುವೆಯ ನೀರು ಬಂದ ಮೇಲೆ ಎಷ್ಟೋ ಹುಲ್ಲುಬಯಲುಗಳು ಸಾಗುವಳಿಗೆ ಬಂದುವು. ಇದರಿಂದ ರೈತನಿಗೆ ಅನ್ನ ದೊರೆತದ್ದು ನಿಜ. ಆದರೆ ನೇಗಿಲು ಹೊಕ್ಕ ನೆಲದಲ್ಲಿ ಬಿಲಗಳು ಉಳಿಯವು. ನಾವು ಚೆನ್ನಾಗಿ ಬಲ್ಲ ಬಳ್ಳಾರಿ ಜಾಲಿಯು ಅಲ್ಲಿಯೂ ಹಬ್ಬಿ ಬಯಲನ್ನು ಮುಚ್ಚುತ್ತಿದೆ. ಇವೆರಡಕ್ಕಿಂತಲೂ ಕ್ರೂರವಾದುದು ಎಣ್ಣೆಯ ವ್ಯಾಪಾರ. ಹಿಡಿದ ಪ್ರಾಣಿಯು ಓಡದಂತೆ ಬೆನ್ನೆಲುಬನ್ನು ಮುರಿದು, ಜೀವಸಹಿತ ಇಟ್ಟುಕೊಂಡು, ಗಿರಾಕಿಯ ಮುಂದೆ ಕೊಯ್ದು ಕೊಬ್ಬನ್ನು ಕರಗಿಸುವರು. ಕೀಲುನೋವಿಗೂ ಪುರುಷತ್ವಕ್ಕೂ ಇದು ಮದ್ದೆಂಬ ಮಾತಿಗೆ ವೈದ್ಯಶಾಸ್ತ್ರದ ಆಧಾರವಿಲ್ಲ. ಇದು ಬರಿಯ ಕೊಬ್ಬು.

ಮಾಡತಕ್ಕದ್ದು:—
1. ಸಂತೆ ಜಾತ್ರೆಗಳಲ್ಲಿ ಇಂತಹ ಎಣ್ಣೆ ಮಾರುವವರಿಗೆ ಸ್ಥಳ ಕೊಡಬಾರದು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ಪ್ರಾಣಿಯನ್ನು ಹಿಡಿಯುವುದೂ ಮಾರುವುದೂ ಅಪರಾಧ. ಕಂಡಲ್ಲಿ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.
2. ಕೀಲುನೋವಿನವರನ್ನು ವೈದ್ಯರ ಬಳಿಗೆ ಕಳುಹಿಸತಕ್ಕದ್ದು.
3. ನಮ್ಮ ಗೋಮಾಳಗಳನ್ನು ಬಂಜರೆಂದು ಭಾವಿಸದೆ, ಜಾಲಿ ಹಬ್ಬದಂತೆ ಕಾಯತಕ್ಕದ್ದು.

ಬಯಲು ಬರಿದಾಗಿ ಕಂಡರೂ ಅದರ ಬಿಲಬಿಲದಲ್ಲಿಯೂ ಒಂದು ಸಂಸಾರವುಂಟು. ಅದನ್ನು ಅರಿತು ನಡೆಯುವವನೇ ಭೂಮಿಯ ನಿಜವಾದ ಒಡೆಯನು.