ಪಥ್ಯದ ಹೆಸರಿನಲ್ಲಿ ಕರಗುವ ತೂಕ

ಕ್ಯಾನ್ಸರ್ ಎಂದು ತಿಳಿದ ದಿನದಿಂದಲೇ ನಮ್ಮ ಎಷ್ಟೋ ಮನೆಗಳಲ್ಲಿ ಪಥ್ಯ ಶುರುವಾಗುತ್ತದೆ. ಸಕ್ಕರೆ ಬಂದ್, ಹಾಲು ಬಂದ್. ಮೊಟ್ಟೆ ಉಷ್ಣ, ಬೇಳೆ ವಾಯು. ಕೊನೆಗೆ ಉಳಿಯುವುದು ತೆಳು ಗಂಜಿ, ಎಳನೀರು, ಹಣ್ಣಿನ ರಸ. ಅಕ್ಕರೆಯಿಂದ ಮಾಡುವ ಈ ಪಥ್ಯ ಕೀಮೋ, ರೇಡಿಯೇಷನ್ ನಡೆಯುವ ತಿಂಗಳುಗಳಲ್ಲಿ ಚಿಕಿತ್ಸೆಯನ್ನೇ ಹಾಳುಗೆಡವಬಲ್ಲದು. ದೇಶದಲ್ಲಿ ವರ್ಷಕ್ಕೆ ಹೊಸದಾಗಿ ಪತ್ತೆಯಾಗುವ ಕ್ಯಾನ್ಸರ್ ಪ್ರಕರಣಗಳು 2020ರ 13.9 ಲಕ್ಷದಿಂದ 2025ಕ್ಕೆ 15.7 ಲಕ್ಷಕ್ಕೆ ಏರುತ್ತವೆಂದು ಐಸಿಎಂಆರ್ ಅಂದಾಜಿಸಿತ್ತು. ರೋಗಿಗಳು ಹೆಚ್ಚಿದಷ್ಟೂ ಇಂಥ ಪಥ್ಯಕ್ಕೆ ಸಿಕ್ಕಿಬೀಳುವವರೂ ಹೆಚ್ಚುತ್ತಾರೆ.

ತೂಕಕ್ಕೂ ಆಯುಸ್ಸಿಗೂ ಇರುವ ನಂಟು ವೈದ್ಯರಿಗೆ ಹೊಸದಲ್ಲ. 1980ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು 3,047 ರೋಗಿಗಳನ್ನು ಗಮನಿಸಿತ್ತು. ಕೀಮೋಗೆ ಮುನ್ನವೇ ತೂಕ ಕಳೆದುಕೊಂಡವರು ಹೆಚ್ಚಿನ ಬಗೆಯ ಕ್ಯಾನ್ಸರ್‌ಗಳಲ್ಲಿ ಕಡಿಮೆ ಕಾಲ ಬದುಕಿದ್ದರು. ರೋಗ ಉಲ್ಬಣಿಸಿದವರಲ್ಲೇ ತೂಕ ಹೆಚ್ಚು ಇಳಿಯುತ್ತದೆ ಎಂಬುದೂ ನಿಜವೇ. ಗಡ್ಡೆಯಿಂದಾಗಿ ಮೈಯೆಲ್ಲ ಹಬ್ಬುವ ಉರಿಯೂತ ಹಸಿವನ್ನು ಅಡಗಿಸಿ ಸ್ನಾಯುವನ್ನು ಕರಗಿಸುತ್ತದೆ. ಅದರ ಮೇಲೆ ಪಥ್ಯವೂ ಸೇರಿದರೆ ಮೈ ಎರಡೂ ಕಡೆಯಿಂದ ಸವೆಯುತ್ತದೆ. ಸ್ನಾಯು ಕರಗಿದ ದೇಹಕ್ಕೆ ಔಷಧದ ವಿಷಪರಿಣಾಮ ಹೆಚ್ಚು ತಟ್ಟುತ್ತದೆ. ಆಗ ವೈದ್ಯರು ಡೋಸ್ ಇಳಿಸಬೇಕಾಗುತ್ತದೆ, ಇಲ್ಲವೇ ಮುಂದೂಡಬೇಕಾಗುತ್ತದೆ.

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವ ಕೋಣೆಯಲ್ಲಿ ತೂಕ ಇಳಿದುದರ ಪರಿಣಾಮ ಕಣ್ಣಿಗೇ ಕಾಣುತ್ತದೆ. ತಲೆ ಅಲುಗದಂತೆ ಹಿಡಿಯಲು ರೋಗಿಯ ಮುಖದ ಅಳತೆಗೇ ಜಾಲರಿಯಂಥ ಪ್ಲಾಸ್ಟಿಕ್ ಮುಖವಾಡ ಮಾಡಿರುತ್ತಾರೆ. ಕಿರಣಗಳ ಗುರಿ ಮಿಲಿಮೀಟರ್ ಲೆಕ್ಕದ್ದು. ಕೆನ್ನೆ, ಕತ್ತು ಬತ್ತಿದರೆ ಮುಖವಾಡ ಸಡಿಲವಾಗುತ್ತದೆ. ಮತ್ತೆ ಸ್ಕ್ಯಾನ್, ಹೊಸ ಮುಖವಾಡ, ಹೊಸ ಲೆಕ್ಕಾಚಾರ. ಆರೇಳು ವಾರ ಎಡೆಬಿಡದೆ ಸಾಗಬೇಕಾದ ಚಿಕಿತ್ಸೆ ಒಂದೊಂದು ದಿನ ಲಂಬಿಸಿದಾಗಲೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1.4ರಷ್ಟು ಕುಗ್ಗುತ್ತದೆಂದು ಅಧ್ಯಯನಗಳು ಅಂದಾಜಿಸಿವೆ.

ಇನ್ನು ಗಂಜಿಯ ಲೆಕ್ಕ. ಚಿಕಿತ್ಸೆಯಲ್ಲಿರುವವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲರಿ, 1ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ ಹೇಳುತ್ತದೆ. ಐವತ್ತು ಕಿಲೋ ತೂಗುವ ಹೆಣ್ಣುಮಗಳಿಗೆ ಕನಿಷ್ಠ 1,250 ಕ್ಯಾಲರಿ, 50 ಗ್ರಾಂ ಪ್ರೋಟೀನ್ ಆಯಿತು. ಒಂದು ಲೋಟ ತೆಳು ಗಂಜಿಗೆ ಹಿಡಿಯುವುದು ಸುಮಾರು 25 ಗ್ರಾಂ ಅಕ್ಕಿ. ಅದರಲ್ಲಿ 90 ಕ್ಯಾಲರಿ, 2 ಗ್ರಾಂ ಪ್ರೋಟೀನ್. ದಿನಕ್ಕೆ ಆರು ಲೋಟ ಕುಡಿದರೂ ಬೇಕಾದುದರ ಅರ್ಧ ಶಕ್ತಿ ಸಿಗದು, ಪ್ರೋಟೀನಂತೂ ಕಾಲು ಭಾಗವೂ ಇಲ್ಲ. ಅದೇ ಗಂಜಿಗೆ ಅಷ್ಟೇ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ, ಎರಡು ಚಮಚ ತುಪ್ಪ, ಎರಡು ದೊಡ್ಡ ಚಮಚ ನುಣ್ಣಗಿನ ಶೇಂಗಾ ಪುಡಿ ಬೆರೆಸಿದರೆ ಒಂದೇ ಲೋಟದಲ್ಲಿ ನಾಲ್ಕು ಪಟ್ಟು ಶಕ್ತಿ, ಆರು ಪಟ್ಟು ಪ್ರೋಟೀನ್.

ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹಸಿದು ಸಾಯುತ್ತದೆ ಎನ್ನುವವರು ಓಟೊ ವಾರ್ಬರ್ಗ್ ಹೆಸರು ಹೇಳುತ್ತಾರೆ. ಗಡ್ಡೆಯ ಕೋಶಗಳು ಗ್ಲೂಕೋಸನ್ನು ಹೆಚ್ಚಾಗಿ ಬಳಸುತ್ತವೆಂದು ಆ ಜರ್ಮನ್ ವಿಜ್ಞಾನಿ 1920ರ ದಶಕದಲ್ಲಿ ಕಂಡುಕೊಂಡದ್ದು ಸರಿ. ಆದರೆ ಊಟದಲ್ಲಿ ಗ್ಲೂಕೋಸ್ ಸಿಗದಿದ್ದರೆ ಸ್ನಾಯುವಿನ ಪ್ರೋಟೀನೇ ಒಡೆದು, ಅದರಿಂದ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ. ಗಡ್ಡೆಗೆ ಸಿಗುವುದು ಸಿಕ್ಕೇ ಸಿಗುತ್ತದೆ, ಸೊರಗುವುದು ರೋಗಿ. ಮಧುಮೇಹಿಗಳು ಮತ್ತು ಕೀಮೋ ಜೊತೆ ಸ್ಟಿರಾಯ್ಡ್ ಪಡೆಯುವವರು ಮಾತ್ರ ಸಕ್ಕರೆಯ ಮೇಲೆ ಕಣ್ಣಿಡಲೇಬೇಕು. ಲಕ್ಷ್ಮಣಫಲ ಎಂಬ ಹಣ್ಣು ಕ್ಯಾನ್ಸರ್ ವಾಸಿಮಾಡುತ್ತದೆಂಬ ಇನ್ನೊಂದು ನಂಬಿಕೆಗೂ ರೋಗಿಗಳಲ್ಲಿ ನಡೆಸಿದ ಪ್ರಯೋಗಗಳ ಆಧಾರವಿಲ್ಲ. ಕೆರಿಬಿಯನ್ನಿನ ಗ್ವಾಡಲೂಪ್‌ನಲ್ಲಿ ಅದರ ಅತಿ ಸೇವನೆಗೂ ಪಾರ್ಕಿನ್ಸನ್ ರೀತಿಯ ನರರೋಗಕ್ಕೂ ನಂಟಿರುವುದನ್ನು 1999ರಲ್ಲೇ ವೈದ್ಯರು ವರದಿ ಮಾಡಿದ್ದರು.

ಬಾಯಿ ಹುಣ್ಣಾದಾಗ ಖಾರ, ಹುಳಿ ಬಿಟ್ಟು ರಾಗಿ ಸರಿ, ಮೆದು ಇಡ್ಲಿ, ಹಾಲಿನಲ್ಲಿ ಕಲಸಿದ ಬಾಳೆಹಣ್ಣು ಕೊಡಬಹುದು. ಒಗ್ಗರಣೆಯ ಘಾಟಿಗೇ ವಾಂತಿ ಬರುವಂತಿದ್ದರೆ ರೋಗಿ ಅಡುಗೆಮನೆಯಿಂದ ದೂರವಿರಲಿ, ಬಿಸಿ ಆರಿದ ಮೇಲೆ ಬಡಿಸಿ. ಮೂರು ಹೊತ್ತಿನ ತಟ್ಟೆ ಊಟದ ಬದಲು ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನಿನ ಪ್ರಮಾಣವನ್ನು ವೈದ್ಯರಲ್ಲೇ ಕೇಳಬೇಕು.

ಕಟ್ಟುನಿಟ್ಟು ಬೇಕಿರುವುದು ಶುಚಿಯ ವಿಷಯದಲ್ಲಿ. ಕೀಮೋ ಆದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ. ಆಗ ತಂಗಳನ್ನ, ಅರೆಬೆಂದ ಮೊಟ್ಟೆ, ಕಾಯಿಸದ ಹಾಲು, ಬೀದಿಬದಿಯ ಕಬ್ಬಿನ ಹಾಲು ಬೇಡ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಜ್ವರ 100.4 ಡಿಗ್ರಿ ಮುಟ್ಟಿದರೆ ಕಷಾಯ ಕುದಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು.

ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಆರು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು, ಅಂದರೆ ಐವತ್ತು ಕಿಲೋ ಇದ್ದವರಲ್ಲಿ ಎರಡೂವರೆ ಕಿಲೋ ಮೀರಿ ಇಳಿದರೆ ಅದನ್ನು ಕ್ಯಾಕೆಕ್ಸಿಯಾ (ರೋಗದಿಂದ ಸ್ನಾಯು ಸವೆಯುವ ಸ್ಥಿತಿ) ಎಂದು ಪರಿಗಣಿಸಬಹುದೆಂದು 2011ರಲ್ಲಿ ತಜ್ಞರು ಗೆರೆ ಎಳೆದಿದ್ದಾರೆ. ಆ ಗೆರೆ ಮುಟ್ಟುವವರೆಗೂ ಕಾಯಬೇಡಿ. ಒಂದೇ ಕಿಲೋ ಇಳಿದಾಗಲೇ ವೈದ್ಯರಿಗೂ ಆಸ್ಪತ್ರೆಯ ಡಯಟಿಷಿಯನ್‌ಗೂ ತಿಳಿಸಿ. ನುಂಗಲಾಗದವರಿಗೆ ಮೂಗಿನ ನಳಿಕೆ ಹಾಕೋಣವೆಂದರೆ ‘ಕೈ ಮೀರಿತು’ ಎಂದು ಮನೆಯವರು ಹೆದರುವುದುಂಟು. ಚಿಕಿತ್ಸೆ ಪೂರೈಸಲೆಂದೇ ಅದನ್ನು ಹಾಕುತ್ತಾರೆ. ನುಂಗಲು ಬಂದಾಗ ತೆಗೆಯುತ್ತಾರೆ. ಒಪ್ಪಲು ತಡಮಾಡಿದಷ್ಟೂ ಕರಗಿದ ಸ್ನಾಯುವನ್ನು ಮರಳಿ ಕಟ್ಟುವುದು ಕಷ್ಟ.